ಇದು ಯಾರ ಕಾನೂನು? ಕೇಂದ್ರ, ರಾಜ್ಯಗಳ ಅಧಿಕಾರ ಹಂಚಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಹತ್ತಿರ ಬಂದಾಗ ಸಂಸದರ ಕಾರು ನಿಲ್ಲಿಸಿ, ಚರಂಡಿ ಸರಿ ಮಾಡಿಸಿ ಎಂದು ಕೇಳುವವರನ್ನು ನೋಡಿದ್ದೇನೆ. ಬ್ಯಾಂಕಿನ ಬಡ್ಡಿ ಜಾಸ್ತಿಯಾಯಿತು ಎಂದು ಶಾಸಕರ ಮನೆ ಬಾಗಿಲಿಗೆ ಹೋದವರನ್ನೂ ಬಲ್ಲೆ. ತಪ್ಪು ಅವರದ್ದಲ್ಲ. ಯಾವ ವಿಷಯ ಯಾರ ಕೈಯಲ್ಲಿದೆ ಎಂದು ಯಾರೂ ಅವರಿಗೆ ಕೂತು ಹೇಳಿಲ್ಲ. ಶಾಲೆಯಲ್ಲಿ ಮೂರು ಪಟ್ಟಿಗಳ ಹೆಸರು ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ದಿನವೇ ಮರೆತುಹೋಗುತ್ತದೆ, ಅಲ್ವಾ? ಈ ಬಗ್ಗೆ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಈ ಹಂಚಿಕೆ ಎಲ್ಲಿ ಬರೆದಿದೆ?

ಸಂವಿಧಾನದ 246ನೇ ವಿಧಿಯಲ್ಲಿ ಮತ್ತು 7ನೇ ಅನುಸೂಚಿಯಲ್ಲಿ. ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಕೇಂದ್ರ ಪಟ್ಟಿಯ ವಿಷಯಗಳ ಬಗ್ಗೆ ಸಂಸತ್ತು ಮಾತ್ರ ಕಾನೂನು ಮಾಡಬಹುದು. ರಾಜ್ಯ ಪಟ್ಟಿಯ ವಿಷಯಗಳು ವಿಧಾನಮಂಡಲಕ್ಕೆ ಸೇರಿದ್ದು. ಸಮವರ್ತಿ ಪಟ್ಟಿಯಲ್ಲಿ ಇಬ್ಬರಿಗೂ ಅಧಿಕಾರ ಇದೆ.

ಸಂವಿಧಾನ ಜಾರಿಗೆ ಬಂದಾಗ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ನಮೂದುಗಳಿದ್ದವು. ಆಮೇಲೆ ತಿದ್ದುಪಡಿಗಳಲ್ಲಿ ಕೆಲವು ಹೋದವು, ಕೆಲವು ಹೊಸದಾಗಿ ಸೇರಿದವು. ಆದರೆ ಕ್ರಮಸಂಖ್ಯೆ ಬದಲಿಸಲಿಲ್ಲ. ಹಾಗಾಗಿ ಇವತ್ತಿಗೂ ಪಟ್ಟಿಗಳ ಕೊನೆಯ ಸಂಖ್ಯೆ 97, 66, 47 ಎಂದೇ ಇದೆ. ಪುಸ್ತಕದಿಂದ ಪುಸ್ತಕಕ್ಕೆ ಲೆಕ್ಕ ಬೇರೆಯಾಗಿ ಕಾಣುವುದು ಇದರಿಂದಲೇ.

ದಿನನಿತ್ಯದ ಭಾಷೆಯಲ್ಲಿ ಹೇಳಿ. ಯಾವುದು ಯಾರದ್ದು?

ಬೆಳಗ್ಗೆಯಿಂದ ಶುರು ಮಾಡೋಣ. ನಲ್ಲಿಯಲ್ಲಿ ಬರುವ ನೀರು ರಾಜ್ಯದ ವಿಷಯ. ದೀಪ ಹಾಕಿದರೆ ಬರುವ ವಿದ್ಯುತ್ತು ಸಮವರ್ತಿ ಪಟ್ಟಿಯದ್ದು. ಮಗುವನ್ನು ಶಾಲೆಗೆ ಬಿಡುತ್ತೀರಿ, ಶಿಕ್ಷಣ ಸಮವರ್ತಿ. ಸ್ಕೂಟರಿಗೆ ಹೆಲ್ಮೆಟ್ ಕಡ್ಡಾಯ ಮಾಡುವ ಮೋಟಾರು ವಾಹನ ಕಾಯ್ದೆ ಕೂಡ ಸಮವರ್ತಿ ಪಟ್ಟಿಯ ಕೆಳಗೇ ಬಂದದ್ದು. ರೈಲು, ಬ್ಯಾಂಕು, ಮೊಬೈಲು, ಪಾಸ್‌ಪೋರ್ಟು, ಅಂಚೆ ಕೇಂದ್ರಕ್ಕೆ ಸೇರಿದ್ದು. ಸರ್ಕಾರಿ ಆಸ್ಪತ್ರೆ, ಪೊಲೀಸ್ ಠಾಣೆ, ಪಹಣಿ, ಸಂತೆ, ಹೆಂಡದಂಗಡಿ ಎಲ್ಲ ರಾಜ್ಯದ್ದು. ಮದುವೆ, ವಿಚ್ಛೇದನ, ದತ್ತು ಮತ್ತೆ ಸಮವರ್ತಿ.

ನಮ್ಮ ಬದುಕಿಗೆ ತೀರ ಹತ್ತಿರವಾದ ವಿಷಯಗಳು ಹೆಚ್ಚಾಗಿ ರಾಜ್ಯದ ಕೈಯಲ್ಲಿವೆ ಎನ್ನುವುದನ್ನು ಗಮನಿಸಿ. ಆದರೂ ಟಿವಿ ಚರ್ಚೆಗಳಲ್ಲಿ ವಿಧಾನಸಭೆಯಲ್ಲಿ ಪಾಸಾದ ಮಸೂದೆಗಳ ಮಾತು ಎಷ್ಟು ಕಡಿಮೆ! ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ಇದನ್ನೆಲ್ಲ ಯಾರು, ಯಾವಾಗ ತೀರ್ಮಾನಿಸಿದರು?

ಮೂರು ಪಟ್ಟಿಗಳ ಕ್ರಮ ಬ್ರಿಟಿಷರ ಕಾಲದ 1935ರ ಭಾರತ ಸರ್ಕಾರ ಕಾಯ್ದೆಯಿಂದ ಬಂದದ್ದು. ಅಲ್ಲಿ ಪ್ರಾಂತ್ಯಗಳ ಪಟ್ಟಿ ಎಂದಿದ್ದದ್ದು ನಮ್ಮಲ್ಲಿ ರಾಜ್ಯ ಪಟ್ಟಿಯಾಯಿತು.

1946ರಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ಸಚಿವರ ತಂಡ, ಅಂದರೆ ಕ್ಯಾಬಿನೆಟ್ ಮಿಷನ್, ಮುಂದಿಟ್ಟ ಯೋಜನೆಯೇ ಜಾರಿಯಾಗಿದ್ದರೆ ಚಿತ್ರ ಪೂರ್ತಿ ಬೇರೆ ಇರುತ್ತಿತ್ತು. ರಕ್ಷಣೆ, ವಿದೇಶಾಂಗ, ಸಂಪರ್ಕ, ಈ ಮೂರು ಮಾತ್ರ ಕೇಂದ್ರಕ್ಕೆ, ಮಿಕ್ಕದ್ದೆಲ್ಲ ಪ್ರಾಂತ್ಯಗಳಿಗೆ ಎನ್ನುವುದು ಅದರ ತಿರುಳು. ಮುಸ್ಲಿಂ ಲೀಗನ್ನು ಒಟ್ಟಿಗೆ ಇಟ್ಟುಕೊಳ್ಳಲು ಮಾಡಿದ ಪ್ರಯತ್ನ ಅದು. 1947ರ ಜೂನ್‌ನಲ್ಲಿ ದೇಶ ಒಡೆಯುವುದು ಖಚಿತವಾಯಿತು. ಮರು ತಿಂಗಳೇ ಸಂವಿಧಾನ ಸಭೆಯ, ನೆಹರೂ ಅಧ್ಯಕ್ಷತೆಯ ಸಮಿತಿ ಬಲವಾದ ಕೇಂದ್ರವೇ ಬೇಕು ಎಂದು ವರದಿ ಕೊಟ್ಟಿತು. ಒಡೆದ ಮನೆಯ ಭಯ ಆ ತೀರ್ಮಾನದ ಹಿಂದೆ ಇತ್ತು. ಅದನ್ನು ಮರೆತು ಇವತ್ತಿನ ಕಣ್ಣಿನಲ್ಲಷ್ಟೇ ಅಳೆದರೆ ಆ ಸಭೆಯಲ್ಲಿದ್ದವರಿಗೆ ಅನ್ಯಾಯ ಮಾಡಿದಂತೆ.

ಈ ಕೆಲಸದಲ್ಲಿ ನಮ್ಮ ನಾಡಿನ ನಂಟೂ ಇದೆ. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾವ್ ಕರಾವಳಿಯವರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವ ರಾವ್ ಕರಡು ಸಮಿತಿಯ ಸದಸ್ಯರಾಗಿದ್ದರು.

ಯಾವ ಪಟ್ಟಿಯಲ್ಲೂ ಇಲ್ಲದ ಹೊಸ ವಿಷಯ ಬಂದರೆ?

ಅದು ಕೇಂದ್ರಕ್ಕೆ. 248ನೇ ವಿಧಿ ಮತ್ತು ಕೇಂದ್ರ ಪಟ್ಟಿಯ 97ನೇ ನಮೂದು ಹಾಗೆ ಹೇಳುತ್ತವೆ. ಇದನ್ನು ಉಳಿಕೆ ಅಧಿಕಾರ ಎನ್ನುತ್ತಾರೆ. 1994ರಲ್ಲಿ ಸೇವಾ ತೆರಿಗೆ ಶುರುವಾದದ್ದು ಇದೇ ಅಧಿಕಾರದಿಂದ. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ ಇದು ತಿರುವುಮುರುವು, ಉಳಿದದ್ದೆಲ್ಲ ರಾಜ್ಯಗಳಿಗೆ. ಅಲ್ಲಿರುವ ಕನ್ನಡಿಗರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸಿದಾಗ ಎಷ್ಟೋ ಕಾನೂನುಗಳೇ ಬದಲಾಗುವುದು ಅದಕ್ಕೇ. ಕೆನಡಾದ ಹಂಚಿಕೆ ನಮ್ಮದಕ್ಕೆ ಹತ್ತಿರ.

ಸಮವರ್ತಿ ಪಟ್ಟಿಯಲ್ಲಿ ಎರಡೂ ಕಾನೂನು ಡಿಕ್ಕಿ ಹೊಡೆದರೆ ಯಾವುದು ಗೆಲ್ಲುತ್ತದೆ?

ಸಾಮಾನ್ಯವಾಗಿ ಕೇಂದ್ರದ್ದು. ಆದರೆ 254ನೇ ವಿಧಿಯಲ್ಲಿ ಒಂದು ಬಾಗಿಲಿದೆ. ರಾಜ್ಯ ತನ್ನ ಮಸೂದೆಯನ್ನು ರಾಷ್ಟ್ರಪತಿಗೆ ಕಳಿಸಿ ಅಂಕಿತ ಪಡೆದರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಡೆಯುತ್ತದೆ.

ಕಂಬಳ ಉಳಿದದ್ದು ಈ ಬಾಗಿಲಿನಿಂದ. ಪ್ರಾಣಿ ಹಿಂಸೆ ತಡೆಯುವುದು ಸಮವರ್ತಿ ಪಟ್ಟಿಯ 17ನೇ ನಮೂದು. ಅದರ ಮೇಲೆ ಕೇಂದ್ರದ 1960ರ ಕಾಯ್ದೆ ಇತ್ತು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟವನ್ನು ಆ ಕಾಯ್ದೆಯ ಆಧಾರದ ಮೇಲೆ ನಿಲ್ಲಿಸಿತು. ಅದರ ಬಿಸಿ ಕರಾವಳಿಗೂ ತಟ್ಟಿತು. 2016ರ ಕೊನೆಗೆ ಹೈಕೋರ್ಟು ಕಂಬಳಕ್ಕೆ ತಡೆ ಕೊಟ್ಟಿತು. ಕೋಣಗಳನ್ನು ವರ್ಷವಿಡೀ ಸಾಕಿದವರು ಗದ್ದೆ ಬದಿಯಲ್ಲಿ ಕೈಕಟ್ಟಿ ನಿಂತರು.

ಆಗ ರಾಜ್ಯ ಏನು ಮಾಡಿತು? ಕೇಂದ್ರ ಕಾಯ್ದೆಗೆ ಕರ್ನಾಟಕದ ಮಟ್ಟಿಗೆ ತಿದ್ದುಪಡಿ ತರುವ ಮಸೂದೆಯನ್ನು 2017ರಲ್ಲಿ ವಿಧಾನಮಂಡಲದಲ್ಲಿ ಪಾಸು ಮಾಡಿ ರಾಷ್ಟ್ರಪತಿಗೆ ಕಳಿಸಿತು. ನಡುವೆ ಒಂದು ಸುಗ್ರೀವಾಜ್ಞೆಯೂ ಬಂತು. 2018ರಲ್ಲಿ ಮಸೂದೆಗೆ ಅಂಕಿತ ಸಿಕ್ಕಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಕಂಬಳ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಒಂದು ಜಿಲ್ಲೆಯ ಗದ್ದೆಯ ಪ್ರಶ್ನೆ ವಿಧಾನಸೌಧ, ರಾಷ್ಟ್ರಪತಿ ಭವನ, ಸುಪ್ರೀಂ ಕೋರ್ಟು ಮೂರನ್ನೂ ಹಾದು ಬಂದ ದಾರಿ ಇದು.

ಹಾಗಂತ ಈ ರಕ್ಷಣೆ ಶಾಶ್ವತ ಅಲ್ಲ. ಸಂಸತ್ತು ಮನಸ್ಸು ಮಾಡಿದರೆ ಮತ್ತೆ ಕಾನೂನು ತಂದು ರಾಜ್ಯದ ಕಾನೂನನ್ನು ರದ್ದು ಮಾಡಬಹುದು.

ಶಿಕ್ಷಣ ಮೊದಲು ರಾಜ್ಯದ ವಿಷಯ ಆಗಿತ್ತಂತೆ, ನಿಜವೇ?

ನಿಜ. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 42ನೇ ತಿದ್ದುಪಡಿ ಐದು ವಿಷಯಗಳನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸಾಗಿಸಿತು. ಶಿಕ್ಷಣ, ಅರಣ್ಯ, ಕಾಡುಪ್ರಾಣಿ ಮತ್ತು ಪಕ್ಷಿಗಳ ರಕ್ಷಣೆ, ತೂಕ ಮತ್ತು ಅಳತೆ, ಮತ್ತು ಸುಪ್ರೀಂ ಕೋರ್ಟು, ಹೈಕೋರ್ಟುಗಳನ್ನು ಬಿಟ್ಟು ಉಳಿದ ನ್ಯಾಯಾಲಯಗಳ ವ್ಯವಸ್ಥೆ. ವಿರೋಧ ಪಕ್ಷದ ಎಷ್ಟೋ ನಾಯಕರು ಜೈಲಿನಲ್ಲಿದ್ದ ಹೊತ್ತು ಅದು. ಆ ತಿದ್ದುಪಡಿಯ ಅನೇಕ ಭಾಗಗಳನ್ನು ಮುಂದಿನ ಸರ್ಕಾರ ಹಿಂದೆ ತೆಗೆದುಕೊಂಡಿತು. ಈ ಐದು ವಿಷಯಗಳು ಮಾತ್ರ ವಾಪಸು ಬರಲೇ ಇಲ್ಲ.

ನೀಟ್ ಪರೀಕ್ಷೆಯ ಜಗಳ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ಅದರ ಜೊತೆಗೆ ಉನ್ನತ ಶಿಕ್ಷಣದ ಮಟ್ಟ ನಿರ್ಧರಿಸುವುದು ಕೇಂದ್ರ ಪಟ್ಟಿಯ 66ನೇ ನಮೂದಿನಲ್ಲಿ ಮೊದಲಿನಿಂದಲೂ ಇದೆ. ಹಾಗಾಗಿ ವೈದ್ಯಕೀಯ ಪ್ರವೇಶದಲ್ಲಿ ರಾಜ್ಯದ ಕೈ ಎರಡು ಕಡೆಯಿಂದ ಕಟ್ಟಿದಂತೆ ಆಗಿದೆ. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಮಾಡಿತು. ನಿರ್ಣಯ ಎಂದರೆ ಅಭಿಪ್ರಾಯ, ಕಾನೂನಲ್ಲ. ಸುದ್ದಿ ಓದುವಾಗ ಈ ಎರಡರ ನಡುವಿನ ವ್ಯತ್ಯಾಸ ನೆನಪಿಡಿ.

ಶಿಕ್ಷಣ ರಾಜ್ಯ ಪಟ್ಟಿಗೆ ಮರಳಬೇಕು ಎನ್ನುವುದು ನನ್ನ ಅಭಿಪ್ರಾಯ. ಮಗು ಯಾವ ಭಾಷೆಯ ಮನೆಯಿಂದ ಬರುತ್ತದೆ ಎಂದು ಹತ್ತಿರದಿಂದ ಬಲ್ಲ ಸರ್ಕಾರವೇ ಅದರ ಶಾಲೆಯ ಬಗ್ಗೆ ತೀರ್ಮಾನಿಸಬೇಕು.

ರಾಜ್ಯ ಪಟ್ಟಿಯ ವಿಷಯದಲ್ಲಿ ಕೇಂದ್ರ ಕೈಹಾಕಲು ಸಾಧ್ಯವೇ ಇಲ್ಲವೇ?

ಸಾಧ್ಯ ಇದೆ, ಐದು ದಾರಿಗಳಿವೆ. ರಾಜ್ಯಸಭೆಯಲ್ಲಿ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಸದಸ್ಯರು ದೇಶದ ಹಿತಕ್ಕೆ ಅಗತ್ಯ ಎಂದು ನಿರ್ಣಯ ಮಾಡಿದರೆ ಒಂದು ವರ್ಷದ ಮಟ್ಟಿಗೆ ಸಂಸತ್ತಿಗೆ ಅಧಿಕಾರ ಬರುತ್ತದೆ. ರಾಷ್ಟ್ರೀಯ ತುರ್ತು ಪರಿಸ್ಥಿತಿಯಲ್ಲಿ ಬರುತ್ತದೆ. ವಿದೇಶದೊಂದಿಗೆ ಮಾಡಿಕೊಂಡ ಒಪ್ಪಂದ ಜಾರಿ ಮಾಡಲು ಬರುತ್ತದೆ. ಎರಡು ಅಥವಾ ಹೆಚ್ಚು ರಾಜ್ಯಗಳು ತಾವಾಗಿಯೇ ಕೇಳಿಕೊಂಡರೂ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಟ್ಟಿದ್ದು ಹೀಗೆ, ಏಕೆಂದರೆ ಆಗ ಕಾಡುಪ್ರಾಣಿಗಳು ಇನ್ನೂ ರಾಜ್ಯ ಪಟ್ಟಿಯಲ್ಲಿದ್ದವು. ಹೀಗೆ ಕೇಳಿ ಮಾಡಿಸಿಕೊಂಡ ಕಾನೂನನ್ನು ಮತ್ತೆ ತಿದ್ದಲು ರಾಜ್ಯಕ್ಕೆ ಬರುವುದಿಲ್ಲ, ಸಂಸತ್ತೇ ತಿದ್ದಬೇಕು.

ಐದನೆಯದು ರಾಷ್ಟ್ರಪತಿ ಆಳ್ವಿಕೆ. 356ನೇ ವಿಧಿ ಹಾಕಿದರೆ ರಾಜ್ಯದ ಶಾಸನಾಧಿಕಾರವೂ ಸಂಸತ್ತಿಗೆ ಹೋಗುತ್ತದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಬಹುಮತ ಸಾಬೀತುಪಡಿಸಲು ಬಿಡದೆ ವಜಾ ಮಾಡಲಾಯಿತು. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಪರೀಕ್ಷೆ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಎಂದಿತು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸು ಸಿಗಲಿಲ್ಲ. ಆದರೆ ದೇಶದ ಎಲ್ಲ ರಾಜ್ಯಗಳಿಗೂ ಒಂದು ಗುರಾಣಿ ಸಿಕ್ಕಿತು. ಇದು ಕರ್ನಾಟಕದಿಂದ ಹೋದ ಕೊಡುಗೆ ಎಂದು ಹೇಳಲು ನನಗೆ ಹೆಮ್ಮೆ.

ನೀರು ರಾಜ್ಯದ ವಿಷಯ ಅಂದಿರಿ. ಹಾಗಾದರೆ ಕಾವೇರಿ ನೀರನ್ನು ನಾವೇ ಇಟ್ಟುಕೊಳ್ಳುವ ಕಾನೂನು ಏಕೆ ಮಾಡಬಾರದು?

ಮಾಡಿ ನೋಡಿದ್ದೇವೆ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಬಿಡುವಂತೆ ಮಧ್ಯಂತರ ಆದೇಶ ಕೊಟ್ಟಿತು. ಮರು ತಿಂಗಳು ಬಂಗಾರಪ್ಪನವರ ಸರ್ಕಾರ, ನಮ್ಮ ಕಣಿವೆಯ ರೈತರ ನೀರನ್ನು ಕಾಪಾಡಲು ಸುಗ್ರೀವಾಜ್ಞೆ ತಂದಿತು. ಮಂಡ್ಯದ ಬಯಲಿನಲ್ಲಿ ಭತ್ತ ಒಣಗುವುದನ್ನು ಕಂಡವರಿಗೆ ಅದರ ಹಿಂದಿನ ಸಂಕಟ ಬಿಡಿಸಿ ಹೇಳಬೇಕಿಲ್ಲ. ಆದರೆ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದು ರಾಜ್ಯದ ಅಧಿಕಾರ ಮೀರಿದ್ದು ಎಂದಿತು.

ಕಾರಣ ಪಟ್ಟಿಯಲ್ಲೇ ಇದೆ. ರಾಜ್ಯ ಪಟ್ಟಿಯ 17ನೇ ನಮೂದು ನೀರನ್ನು ರಾಜ್ಯಕ್ಕೆ ಕೊಡುತ್ತದೆ, ಆದರೆ ಕೇಂದ್ರ ಪಟ್ಟಿಯ 56ನೇ ನಮೂದಿಗೆ ಒಳಪಟ್ಟು ಎನ್ನುತ್ತದೆ. ಆ 56 ಅಂತರರಾಜ್ಯ ನದಿಗಳದ್ದು. ಜೊತೆಗೆ 262ನೇ ವಿಧಿ ಇಂಥ ಜಗಳ ಬಗೆಹರಿಸುವ ಕಾನೂನು ಮಾಡಲು ಸಂಸತ್ತಿಗೆ ಹೇಳುತ್ತದೆ. ಎರಡು ರಾಜ್ಯಗಳಲ್ಲಿ ಹರಿಯುವ ನದಿಗೆ ಒಂದು ರಾಜ್ಯ ತಾನೇ ನ್ಯಾಯ ಹೇಳಿಕೊಳ್ಳಲು ಆಗುವುದಿಲ್ಲ. ನಮಗೆ ಕಹಿಯಾದರೂ ಇದು ಸರಿಯಾದ ಮಾತು. ಮಹದಾಯಿಯಲ್ಲಿ ಗೋವಾ ಹಾಗೆ ಮಾಡಿದರೆ ನಾವು ಒಪ್ಪುತ್ತೇವೆಯೇ?

ರಾಜ್ಯದ ಅಧಿಕಾರದಿಂದ ಜನರ ಬದುಕು ನಿಜವಾಗಿ ಬದಲಾದ ಒಂದು ಉದಾಹರಣೆ ಕೊಡಿ.

ಭೂಮಿ. ರಾಜ್ಯ ಪಟ್ಟಿಯ 18ನೇ ನಮೂದು. ಬಾಡಿಗೆ, ಗೇಣಿ, ಒಡೆಯ ಮತ್ತು ಒಕ್ಕಲಿನ ಸಂಬಂಧ ಎಲ್ಲ ಅದರಲ್ಲಿ ಬರುತ್ತದೆ.

ಕರ್ನಾಟಕದ ಭೂಸುಧಾರಣಾ ಕಾಯ್ದೆ 1961ರದ್ದು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ಮುಗಿಯಿತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ತನ್ನ ಹೆಸರಿಗೆ ಪಡೆಯುವಂತಾಯಿತು. ಅದನ್ನು ನಮ್ಮ ಕಡೆ ಹಿರಿಯರು ಇವತ್ತಿಗೂ ಡಿಕ್ಲರೇಷನ್ ಎಂದೇ ಕರೆಯುತ್ತಾರೆ. 'ಡಿಕ್ಲರೇಷನ್ ಕೊಟ್ಟ ವರ್ಷ' ಎಂದರೆ ಊರಿನಲ್ಲಿ ಯಾವ ಕಾಲ ಎಂದು ಎಲ್ಲರಿಗೂ ಗೊತ್ತು. ಅರ್ಜಿಗಳನ್ನು ತಾಲೂಕಿನ ಭೂ ನ್ಯಾಯಮಂಡಳಿ ಕೇಳುತ್ತಿತ್ತು. ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಒಕ್ಕಲು ತಾನೇ ನಿಂತು ಮಾತಾಡಬೇಕಿತ್ತು. ತಲೆಮಾರುಗಳಿಂದ ಒಡೆಯನ ಎದುರು ತಲೆ ಎತ್ತದವನು ಅದೇ ಒಡೆಯನ ಎದುರು ಕೂತು, ಈ ಗದ್ದೆ ನಾನು ಉಳುತ್ತಿದ್ದೇನೆ ಎಂದು ಹೇಳಿದ. ಎಲ್ಲರಿಗೂ ಭೂಮಿ ಸಿಗಲಿಲ್ಲ, ಕಳೆದುಕೊಂಡ ಬಡ ಒಡೆಯರೂ ಇದ್ದರು. ಆದರೂ ಎಷ್ಟೋ ಮನೆಗಳಲ್ಲಿ ಮೊದಲ ಸಲ ಓದಿದ ಮಗ, ಮಗಳು ಬಂದದ್ದು ಈ ಭೂಮಿಯ ಬಲದಿಂದ.

ಇದು ದೆಹಲಿಯಲ್ಲಿ ಆದ ತೀರ್ಮಾನ ಅಲ್ಲ. ಅದೇ ಸಂವಿಧಾನದ ಕೆಳಗೆ ಬೇರೆ ಎಷ್ಟೋ ರಾಜ್ಯಗಳು ಇಷ್ಟು ದೂರ ಹೋಗಲಿಲ್ಲ. ಹಾಗೆಯೇ 2020ರಲ್ಲಿ, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ್ದೂ ನಮ್ಮದೇ ಸರ್ಕಾರ. ಕೊಡುವ ಅಧಿಕಾರ, ತೆಗೆಯುವ ಅಧಿಕಾರ ಎರಡೂ ಒಂದೇ ಕಟ್ಟಡದಲ್ಲಿವೆ.

ಪೆಟ್ರೋಲ್ ಬೆಲೆಗೆ ಯಾರನ್ನು ಕೇಳಬೇಕು?

ಇಬ್ಬರನ್ನೂ. ಕೇಂದ್ರ ಅಬಕಾರಿ ಸುಂಕ ಹಾಕುತ್ತದೆ, ರಾಜ್ಯ ಮಾರಾಟ ತೆರಿಗೆ ಹಾಕುತ್ತದೆ. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಆ ಮೂರು ರೂಪಾಯಿಗೆ ವಿಧಾನಸೌಧವನ್ನೇ ಕೇಳಬೇಕು.

ಉಳಿದ ಹೆಚ್ಚಿನ ವಸ್ತುಗಳ ತೆರಿಗೆ 2017ರಿಂದ ಜಿಎಸ್‌ಟಿಗೆ ಸೇರಿದೆ. ಅದಕ್ಕಾಗಿ 2016ರ 101ನೇ ತಿದ್ದುಪಡಿಯಲ್ಲಿ 246ಎ ವಿಧಿಯನ್ನೇ ಹೊಸದಾಗಿ ಸೇರಿಸಿದರು. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗದ ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು. ತೀರ್ಮಾನಕ್ಕೆ ನಾಲ್ಕನೇ ಮೂರರಷ್ಟು ಬೇಕು. ಲೆಕ್ಕ ಹಾಕಿ ನೋಡಿ: ಕೇಂದ್ರ ಬೇಡ ಎಂದರೆ ಯಾವುದೂ ಆಗುವುದಿಲ್ಲ. ಪೆಟ್ರೋಲಿನಂತೆ ಕುಡಿಯುವ ಮದ್ಯವೂ ಜಿಎಸ್‌ಟಿಯಿಂದ ಹೊರಗೆ, ರಾಜ್ಯದ ಕೈಯಲ್ಲೇ ಉಳಿದಿದೆ.

2024ರಲ್ಲಿ ರಾಜ್ಯಗಳಿಗೆ ಎರಡು ದೊಡ್ಡ ಗೆಲುವು ಸಿಕ್ಕಿತು. ಗಣಿಗಾರಿಕೆಯ ರಾಜಧನ (ರಾಯಲ್ಟಿ) ತೆರಿಗೆ ಅಲ್ಲ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿದೆ ಎಂದು ಜುಲೈ 25ರಂದು, ಕೈಗಾರಿಕಾ ಮದ್ಯಸಾರವೂ ರಾಜ್ಯದ ವ್ಯಾಪ್ತಿಗೆ ಬರುತ್ತದೆ ಎಂದು ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟು ಹೇಳಿತು. ಎರಡರಲ್ಲೂ ಎಂಟು ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಆ ಒಬ್ಬರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ.

ಒಂದು ಕಾನೂನು ಎರಡು ಪಟ್ಟಿಯನ್ನೂ ತಾಗಿದರೆ ಕೋರ್ಟು ಹೇಗೆ ತೀರ್ಮಾನಿಸುತ್ತದೆ?

ಕಾನೂನಿನ ತಿರುಳು ಯಾವುದು ಎಂದು ನೋಡುತ್ತದೆ. ತಿರುಳು ನಿಮ್ಮ ಪಟ್ಟಿಯದ್ದಾದರೆ, ಅಂಚು ಪಕ್ಕದ ಪಟ್ಟಿಗೆ ತಾಗಿದರೂ ಪರವಾಗಿಲ್ಲ. ಬಾಂಬೆಯ ಪಾನನಿರೋಧ ಕಾನೂನಿನ ಬಹುಭಾಗ 1951ರಲ್ಲಿ ಉಳಿದದ್ದು ಈ ತತ್ವದಿಂದ.

ನಮ್ಮ ರಾಜ್ಯ ಸೋತ ಉದಾಹರಣೆಯೂ ಇದೆ. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರು. ರಾಜ್ಯ ಪಟ್ಟಿಯ 34ನೇ ನಮೂದು ಬಾಜಿ ಮತ್ತು ಜೂಜಿನದ್ದು. ಕೌಶಲದ ಆಟ ಜೂಜಲ್ಲ, ಹಾಗಾಗಿ ಈ ನಮೂದು ಸಾಲದು ಎಂದು 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ಕಲಮುಗಳನ್ನು ತೆಗೆದುಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಂಥ ಆಟಗಳ ಮೇಲೆ ಕಾನೂನು ಮಾಡಿತು.

ವಿಧಾನಸಭೆ ಪಾಸು ಮಾಡಿದ ಮಸೂದೆ ರಾಜ್ಯಪಾಲರ ಬಳಿ ಎಷ್ಟು ದಿನ ಇರಬಹುದು?

ಸಂವಿಧಾನದಲ್ಲಿ ದಿನದ ಲೆಕ್ಕ ಇಲ್ಲ. 200ನೇ ವಿಧಿಯ ಪ್ರಕಾರ ರಾಜ್ಯಪಾಲರು ಅಂಕಿತ ಹಾಕಬಹುದು, ತಡೆಹಿಡಿದು ಮರುಪರಿಶೀಲನೆಗೆ ವಾಪಸು ಕಳಿಸಬಹುದು, ಅಥವಾ ರಾಷ್ಟ್ರಪತಿಗೆ ಕಾಯ್ದಿರಿಸಬಹುದು. ತಮಿಳುನಾಡಿನ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಗಡುವು ಹಾಕಿದರು. ಅದೇ ವರ್ಷ ನವೆಂಬರ್ 20ರಂದು ಐವರ ಪೀಠ, ಕೋರ್ಟು ಹಾಗೆ ಗಡುವು ಹಾಕಲು ಬರುವುದಿಲ್ಲ, ಆದರೆ ಕಾರಣ ಹೇಳದೆ ಅನಿರ್ದಿಷ್ಟ ಕಾಲ ಸುಮ್ನೆ ಕೂರುವಂತೆಯೂ ಇಲ್ಲ ಎಂದಿತು. ಜನ ಆರಿಸಿದ ಸದನದ ಮಸೂದೆ ಮೇಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿರುವುದು ನನ್ನ ಮಟ್ಟಿಗೆ ದೊಡ್ಡ ನೋವಿನ ವಿಷಯ.

ಕೆಲಸದಲ್ಲಿ ಕನ್ನಡಿಗರಿಗೇ ಮೀಸಲು ಎಂದು ರಾಜ್ಯ ಕಾನೂನು ಮಾಡಬಹುದೇ?

ಸರ್ಕಾರಿ ಕೆಲಸಕ್ಕೆ ವಾಸಸ್ಥಳದ ಷರತ್ತು ಹಾಕುವ ಅಧಿಕಾರ 16ನೇ ವಿಧಿಯಲ್ಲಿ ಸಂಸತ್ತಿಗೆ ಮಾತ್ರ ಇದೆ. ಕಲ್ಯಾಣ ಕರ್ನಾಟಕದವರಿಗೆ ಸ್ಥಳೀಯ ಮೀಸಲಾತಿ ಸಿಗಲು 2012ರಲ್ಲಿ ಸಂವಿಧಾನವನ್ನೇ ತಿದ್ದಿ 371ಜೆ ವಿಧಿ ಸೇರಿಸಬೇಕಾಯಿತು. ಖಾಸಗಿ ಕೆಲಸಗಳ ವಿಷಯದಲ್ಲಿ ಹರಿಯಾಣದ ಕಾನೂನನ್ನು 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟು ರದ್ದು ಮಾಡಿತು. ನಮ್ಮ ಸಚಿವ ಸಂಪುಟ ಒಪ್ಪಿದ ಇಂಥದ್ದೇ ಮಸೂದೆ 2024ರ ಜುಲೈನಲ್ಲಿ ತಡೆಹಿಡಿಯಲ್ಪಟ್ಟಿತು.

ಆಡಳಿತ ಭಾಷೆಯ ಮಾತು ಬೇರೆ. 345ನೇ ವಿಧಿ ಅದನ್ನು ವಿಧಾನಮಂಡಲಕ್ಕೇ ಕೊಟ್ಟಿದೆ, 1963ರ ರಾಜ್ಯ ಭಾಷಾ ಕಾಯ್ದೆ ಅದರಂತೆ ಬಂದದ್ದು. ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂಬ 2024ರ ತಿದ್ದುಪಡಿಯೂ ರಾಜ್ಯದ್ದೇ.

ರಾಜ್ಯದ ಹೆಸರು, ಗಡಿ?

ಸಂಸತ್ತಿನದ್ದು, 3ನೇ ವಿಧಿ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕ ಆದದ್ದು ಸಂಸತ್ತಿನ ಕಾಯ್ದೆಯಿಂದ. ಬೆಳಗಾವಿ ವಿಷಯದಲ್ಲೂ ಎರಡು ವಿಧಾನಸಭೆಗಳು ಎಷ್ಟು ನಿರ್ಣಯ ಮಾಡಿದರೂ ಗಡಿ ಒಂದಿಂಚೂ ಅಲುಗುವುದಿಲ್ಲ.

ಗ್ರಾಮ ಪಂಚಾಯಿತಿ ಕಾನೂನು ಮಾಡಬಹುದೇ?

ಇಲ್ಲ. ಸ್ಥಳೀಯ ಆಡಳಿತ ರಾಜ್ಯ ಪಟ್ಟಿಯ 5ನೇ ನಮೂದು. ರಾಜ್ಯ ಎಷ್ಟು ಬಿಟ್ಟುಕೊಡುತ್ತದೋ ಅಷ್ಟೇ ಪಂಚಾಯಿತಿಗೆ. 73ನೇ ತಿದ್ದುಪಡಿ 29 ವಿಷಯಗಳ ಪಟ್ಟಿ ಕೊಟ್ಟಿದೆ, ಆದರೆ ಕೊಡಲೇಬೇಕು ಎಂದಿಲ್ಲ. ದೆಹಲಿಯಿಂದ ಅಧಿಕಾರ ಬೇಕು ಎಂದು ಕೇಳುವ ರಾಜ್ಯಗಳು ತಮ್ಮ ಹಳ್ಳಿಗಳಿಗೆ ಅಷ್ಟೇ ಉದಾರವಾಗಿ ಕೊಟ್ಟಿಲ್ಲ ಎನ್ನುವುದನ್ನೂ ಹೇಳಲೇಬೇಕು. 1983ರಲ್ಲಿ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ತಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾನೂನಿನ ಧೈರ್ಯ ಆಮೇಲೆ ಕಾಣಲಿಲ್ಲ.

ಸಿಬಿಐ ರಾಜ್ಯದೊಳಗೆ ತಾನಾಗಿ ಬರಬಹುದೇ?

ಪೊಲೀಸು ರಾಜ್ಯದ ವಿಷಯವಾದ್ದರಿಂದ ಒಪ್ಪಿಗೆ ಬೇಕು. ಕರ್ನಾಟಕ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಸಾಮಾನ್ಯ ಒಪ್ಪಿಗೆಯನ್ನು ಹಿಂಪಡೆಯಿತು. ಸುಪ್ರೀಂ ಕೋರ್ಟು ಅಥವಾ ಹೈಕೋರ್ಟು ಆದೇಶಿಸಿದರೆ ಮಾತ್ರ ಒಪ್ಪಿಗೆ ಬೇಕಿಲ್ಲ.

ನನ್ನ ಕೈಯಲ್ಲಿರುವ ಕಾನೂನು ಯಾರದ್ದು ಎಂದು ತಿಳಿಯುವುದು ಹೇಗೆ?

ಮೊದಲ ಪುಟ ನೋಡಿ. ಹೆಸರಿನಲ್ಲಿ 'ಕರ್ನಾಟಕ' ಇದ್ದು, ರಾಜ್ಯ ವಿಧಾನಮಂಡಲದಿಂದ ಅಧಿನಿಯಮಿತವಾಗಲಿ ಎಂದಿದ್ದರೆ ರಾಜ್ಯದ್ದು, ನಿಮ್ಮ ಶಾಸಕರನ್ನು ಕೇಳಿ. ಸಂಸತ್ತಿನಿಂದ ಎಂದಿದ್ದರೆ ಸಂಸದರನ್ನು ಕೇಳಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಕೇಂದ್ರದ ಎಷ್ಟೋ ಕಾಯ್ದೆಗಳಿಗೆ ನಿಯಮ ಮಾಡುವುದು, ಜಾರಿ ಮಾಡುವುದು ರಾಜ್ಯ ಸರ್ಕಾರವೇ. 2019ರಲ್ಲಿ ಸಂಸತ್ತು ಸಂಚಾರ ದಂಡವನ್ನು ಹತ್ತು ಪಟ್ಟಿನವರೆಗೂ ಏರಿಸಿದಾಗ, ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಕೆಲವು ದಂಡಗಳನ್ನು ಇಳಿಸಿತು, ನೆನಪಿದೆಯಾ? ಕಾಯ್ದೆ ಕೇಂದ್ರದ್ದೇ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ಮೊತ್ತ ಗೊತ್ತು ಮಾಡುವ ಅಧಿಕಾರವನ್ನು ಆ ಕಾಯ್ದೆಯೇ ರಾಜ್ಯಕ್ಕೆ ಕೊಟ್ಟಿತ್ತು. ಹಾಗಾಗಿ ಅರ್ಜಿ ಬರೆಯುವ ಮೊದಲು ಎರಡು ವಿಷಯ ನೋಡಿಕೊಳ್ಳಿ: ಕಾಯ್ದೆ ಯಾರದ್ದು, ಅದರ ಕೆಳಗಿನ ನಿಯಮ ಯಾರದ್ದು. ಎಷ್ಟೋ ಸಲ ನಿಮಗೆ ಬೇಕಾದ ಪರಿಹಾರ ಆ ನಿಯಮದಲ್ಲೇ ಇರುತ್ತದೆ, ಅದನ್ನು ಬದಲಿಸುವವರು ಬೆಂಗಳೂರಿನಲ್ಲೇ ಸಿಗುತ್ತಾರೆ.